ಪದ ಪರಿಚಯ: ಕಡಲಿನ ಎಂಎಸ್‌ಪಿ

ಎಂಎಸ್‌ಪಿ ಅಂದ ಕೂಡಲೇ ನಮ್ಮಲ್ಲಿ ಯಾರಿಗಾದರೂ ನೆನಪಾಗುವುದು ಭತ್ತ, ರಾಗಿ, ತೊಗರಿಯ ಬೆಂಬಲ ಬೆಲೆ. ಹಾಗಾಗಿ ಪರಿಚಯದ ಹುಡುಗಿಯೊಬ್ಬಳು ‘ಎಂಎಸ್‌ಪಿಯಲ್ಲಿ ಮಾಸ್ಟರ್ಸ್ ಮಾಡ್ತೀನಿ’ ಎಂದಾಗ ಕೃಷಿ ಅರ್ಥಶಾಸ್ತ್ರ ಇರಬೇಕು ಅಂದುಕೊಂಡು ಸುಮ್ನೆ ತಲೆಯಾಡಿಸಿದ್ದೆ. ಅವಳು ಹೇಳುತ್ತಿದ್ದುದು ಮರೈನ್ ಸ್ಪೇಷಿಯಲ್ ಪ್ಲಾನಿಂಗ್ ಬಗ್ಗೆ.

ಕನ್ನಡದಲ್ಲಿ ‘ಸಾಗರ ಪ್ರಾದೇಶಿಕ ಯೋಜನೆ’ ಎಂದು ಬರೆದರೆ ತಪ್ಪೇನಿಲ್ಲ. ಆದರೆ ಕೇಳುವುದಕ್ಕೆ ಸರ್ಕಾರದ ಯಾವುದೋ ಸ್ಕೀಮಿನ ಹೆಸರಿನ ಹಾಗಿದೆ. ನನಗೆ ‘ಕಡಲ ಜಾಗದ ಯೋಜನೆ’ ಅನ್ನುವುದೇ ವಾಸಿ. ಕಡಲಿನಲ್ಲಿ ಯಾವ ಕೆಲಸ ಎಲ್ಲಿ ನಡೆಯಬೇಕು, ಯಾವಾಗ ನಡೆಯಬೇಕು, ಯಾವುದರ ಪಕ್ಕ ಯಾವುದು ಬರಬಾರದು ಎಂದು, ಅಲ್ಲಿ ಬದುಕು ಇರುವವರನ್ನೆಲ್ಲ ಕೂರಿಸಿಕೊಂಡು ಮೊದಲೇ ತೀರ್ಮಾನ ಮಾಡುವುದು. ಇಷ್ಟೇ ಅರ್ಥ. ಕಷ್ಟ ಇರುವುದು ಆ ‘ಎಲ್ಲರನ್ನೂ’ ಎಂಬ ಮಾತಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಊರಿಗೆ ಮಾಸ್ಟರ್ ಪ್ಲಾನ್ ಇದ್ದ ಹಾಗೆ ಕಡಲಿಗೊಂದು ಪ್ಲಾನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೋಲಿಕೆ ಅರ್ಧ ಸರಿ. ನೆಲಕ್ಕೆ ಪಹಣಿ ಇದೆ, ಸರ್ವೆ ಕಲ್ಲು ಇದೆ, ಒಡೆಯ ಇದ್ದಾನೆ. ಕಡಲಿಗೆ ಇದ್ಯಾವುದೂ ಇಲ್ಲ. ದಡದಿಂದ 12 ನಾಟಿಕಲ್ ಮೈಲಿನವರೆಗೆ, ಅಂದರೆ ಸುಮಾರು 22 ಕಿ.ಮೀ.ವರೆಗೆ, ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ಅಲ್ಲಿಂದಾಚೆ 200 ನಾಟಿಕಲ್ ಮೈಲಿನವರೆಗೆ ಕೇಂದ್ರದ್ದು. ಭಾರತಕ್ಕೆ ಹೀಗೆ ಸಿಕ್ಕಿರುವ ಕಡಲು 20 ಲಕ್ಷ ಚದರ ಕಿ.ಮೀ.ಗಿಂತ ಜಾಸ್ತಿ. ಕರ್ನಾಟಕದಂಥ ಹತ್ತು ರಾಜ್ಯ ಅದರಲ್ಲಿ ಹಿಡಿಸುತ್ತವೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ನೆಲದ ಮೇಲೆ ಒಂದು ಸೈಟಿಗೆ ಒಂದೇ ಮನೆ. ಕಡಲಿನಲ್ಲಿ ಒಂದೇ ಜಾಗದಲ್ಲಿ ಮೇಲೆ ಹಡಗು ಹೋಗುತ್ತಿರುತ್ತದೆ, ನಡುವೆ ಬಂಗುಡೆಯ ಹಿಂಡು ಇರುತ್ತದೆ, ತಳದಲ್ಲಿ ಇಂಟರ್ನೆಟ್ ಕೇಬಲ್ ಮಲಗಿರುತ್ತದೆ. ಮೂವರಿಗೂ ಒಬ್ಬರಿಂದ ಒಬ್ಬರಿಗೆ ತೊಂದರೆ ಇಲ್ಲ. ಟ್ರಾಲ್ ಬೋಟು ಬಂದು ತಳದವರೆಗೆ ಬಲೆ ಇಳಿಸಿದಾಗ ಜಗಳ ಶುರು. ಕಾಲದ ಲೆಕ್ಕವೂ ಸೇರುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಅದೇ ನೀರು, ಅದೇ ಜಾಗ, ನಿಯಮ ಮಾತ್ರ ಬೇರೆ.

ಈ ಕೆಲಸವನ್ನು ದೊಡ್ಡದಾಗಿ ಮೊದಲು ಮಾಡಿ ತೋರಿಸಿದ್ದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್. 1975ರಲ್ಲಿ ಅದಕ್ಕೇ ಒಂದು ಕಾನೂನು ಬಂತು. ಹವಳದ ಕಡಲನ್ನು ವಲಯ ವಲಯವಾಗಿ ಗುರುತಿಸಿದರು. 2004ರಲ್ಲಿ ಮತ್ತೆ ಅಳೆದು, ಮೀನು ಹಿಡಿಯುವಂತಿಲ್ಲದ ಭಾಗವನ್ನು ನೂರಕ್ಕೆ 5ರ ಒಳಗಿದ್ದದ್ದು ಸುಮಾರು 33ಕ್ಕೆ ಏರಿಸಿದರು. ಆದರೆ ಆ ಕಥೆ ದೊಡ್ಡದು, ಮಾತು ಅರ್ಥವಾಗಬೇಕಾದರೆ ನನಗೆ ಬಾಸ್ಟನ್ ಉದಾಹರಣೆ ಇಷ್ಟ.

ಅಮೆರಿಕದ ಬಾಸ್ಟನ್ ಬಂದರಿಗೆ ಹೋಗುವ ಹಡಗುದಾರಿ ತಿಮಿಂಗಿಲಗಳು ಮೇಯುವ ಜಾಗದ ಮೇಲೇ ಹಾದುಹೋಗುತ್ತಿತ್ತು. ಹಡಗು ಬಡಿದು ತಿಮಿಂಗಿಲ ಸಾಯುತ್ತಿದ್ದವು. ಹಡಗು ನಿಲ್ಲಿಸಿ ಅನ್ನುವಂತಿಲ್ಲ, ತಿಮಿಂಗಿಲಕ್ಕೆ ಬೇರೆ ಕಡೆ ಹೋಗು ಅನ್ನುವಂತೆಯೂ ಇಲ್ಲ. ಎಲ್ಲೆಲ್ಲಿ ತಿಮಿಂಗಿಲ ಕಂಡಿದ್ದವು ಎಂದು ವರ್ಷಗಟ್ಟಲೆ ಬರೆದಿಟ್ಟಿದ್ದ ದಾಖಲೆಗಳನ್ನೆಲ್ಲ ಒಂದು ನಕ್ಷೆಯ ಮೇಲೆ ಚುಕ್ಕಿ ಹಾಕಿ ನೋಡಿದರು. ದಾರಿಯ ಸ್ವಲ್ಪ ಉತ್ತರಕ್ಕೆ ಚುಕ್ಕಿಗಳು ತುಂಬ ಕಡಿಮೆ. 2007ರಲ್ಲಿ ಹಡಗುದಾರಿಯನ್ನು ಅತ್ತ ತಿರುಗಿಸಿದರು. ಹಡಗುಗಳಿಗೆ ಆದ ನಷ್ಟ 10ರಿಂದ 22 ನಿಮಿಷ, ಅಷ್ಟೇ. ಒಂದು ಕಾಫಿ ಕುಡಿಯುವ ಹೊತ್ತು ಅಲ್ವಾ? ಎಲ್ಲ ಜಗಳವೂ ಇಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ ಅನ್ನುವುದು ಬೇರೆ ಮಾತು.

ಯುರೋಪಿನಲ್ಲಿ ಇದು ಈಗ ಕಾನೂನು. 2014ರ ನಿಯಮದ ಪ್ರಕಾರ, ಕಡಲಿರುವ ಪ್ರತಿ ಸದಸ್ಯ ದೇಶ 2021ರ ಮಾರ್ಚ್ ಒಳಗೆ ಪ್ಲಾನ್ ಮಾಡಿಕೊಳ್ಳಬೇಕಿತ್ತು. ಬೆಲ್ಜಿಯಂ 2014ರಲ್ಲೇ ಮಾಡಿ ಮುಗಿಸಿತ್ತು. ಅವರಿಗೆ ಬೇರೆ ದಾರಿಯೇ ಇರಲಿಲ್ಲ ಅನ್ನಿ. ಸುಮಾರು 3,450 ಚದರ ಕಿ.ಮೀ. ಕಡಲಿನಲ್ಲಿ ಗಾಳಿ ಗಿರಣಿ, ಹಡಗುದಾರಿ, ಮರಳುಗಾರಿಕೆ, ಕೇಬಲ್, ಮೀನುಗಾರಿಕೆ, ಸೇನೆಯ ಗುಂಡಿನ ಅಭ್ಯಾಸ ಎಲ್ಲ ಹಿಡಿಸಬೇಕು. ನಮ್ಮ ದೇಶದಲ್ಲಿ ನಾರ್ವೆಯ ಜೊತೆಗಿನ ಒಪ್ಪಂದದಲ್ಲಿ ಪುದುಚೇರಿ ಮತ್ತು ಲಕ್ಷದ್ವೀಪವನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಆ ಕೆಲಸ ನೋಡಿಕೊಂಡಿದೆ.

ಇದರ ಜೋಡಿಪದ ‘ಓಷನ್ ರಿಸೋರ್ಸ್ ಮ್ಯಾನೇಜ್‌ಮೆಂಟ್’, ಕಡಲ ಸಂಪತ್ತಿನ ನಿರ್ವಹಣೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲ ಆಗುತ್ತದೆ. ಒಂದು ‘ಎಲ್ಲಿ, ಯಾವಾಗ’ ಎಂದು ಕೇಳುತ್ತದೆ, ಇನ್ನೊಂದು ‘ಎಷ್ಟು’ ಎಂದು ಕೇಳುತ್ತದೆ. ಕೇರಳ 2015ರಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ, 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯಬಾರದು ಎಂದು ನಿಯಮ ಮಾಡಿತು. ಅದು ‘ಎಷ್ಟು’ ಎಂಬ ಪ್ರಶ್ನೆಗೆ ಸೇರಿದ್ದು. ದಡದ ಹತ್ತಿರದ ನೀರು ನಾಡದೋಣಿಗೆ, ಆಚೆಯದು ಬೋಟಿಗೆ ಅನ್ನುವುದು ‘ಎಲ್ಲಿ’ ಎಂಬುದಕ್ಕೆ.

ಈಗ ‘ಎಲ್ಲರನ್ನೂ’ ಎಂಬ ಮಾತಿಗೆ ಬರುತ್ತೇನೆ. ಪ್ಲಾನ್ ಮಾಡುವವರು ಮೊದಲು ತೆರೆಯುವುದು ಹಡಗುಗಳ ಓಡಾಟದ ನಕ್ಷೆ. ದೊಡ್ಡ ಹಡಗುಗಳಲ್ಲಿ ಎಐಎಸ್ ಎಂಬ ಸಾಧನ ಇರುತ್ತದೆ. ‘ನಾನು ಇಲ್ಲಿದ್ದೇನೆ’ ಎಂದು ಸುತ್ತಮುತ್ತಲಿಗೆ ಸಾರುತ್ತಲೇ ಇರುತ್ತದೆ. ವಿದೇಶಕ್ಕೆ ಹೋಗುವ, 300 ಟನ್ನೇಜಿಗೆ ಮೇಲ್ಪಟ್ಟ ಹಡಗುಗಳಲ್ಲಿ ಅದು ಇರಲೇಬೇಕು. ಈ ಮಾಹಿತಿಯನ್ನು ಕಂಪ್ಯೂಟರಿಗೆ ಹಾಕಿದರೆ ಹಡಗುದಾರಿಗಳು ಕೆಂಪಗೆ ಬೆಳಗುತ್ತವೆ. ದಡದ ಹತ್ತಿರದ ಭಾಗ ಕಪ್ಪು, ಖಾಲಿ. ಅರೆ, ಇಲ್ಲಿ ಯಾರೂ ಇಲ್ಲವಲ್ಲ, ಬಂದರು ಕಟ್ಟಬಹುದು, ಗಾಳಿ ಗಿರಣಿ ನೆಡಬಹುದು ಅನ್ನಿಸಿಬಿಡುತ್ತದೆ. ಆದರೆ ಮಲ್ಪೆಯಿಂದ ಕಾರವಾರದವರೆಗೆ ನಾಡದೋಣಿಗಳು ಓಡಾಡುವುದು ಅಲ್ಲೇ. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವುದು ಅಲ್ಲೇ. ನಾಡದೋಣಿಯಲ್ಲಿ ಎಐಎಸ್ ಎಲ್ಲಿಂದ ಬರಬೇಕು?

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯನ್ನೇ ನೋಡಿ. ಪುಟ್ಟ ನಡುಗಡ್ಡೆ. ಸ್ಕೂಬಾ ಡೈವಿಂಗ್ ಮಾಡುವವರಿಗೆ ಅದು ಹವಳ, ಬಣ್ಣದ ಮೀನು ನೋಡುವ ಜಾಗ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದ ಜಾಗ. ಹಕ್ಕಿಗಳಿಗೆ ಗೂಡು. ಮೀನುಗಾರರಿಗೆ ಹರಕೆ ಒಪ್ಪಿಸುವ ಜಾಗ. ಈ ನಾಲ್ಕರಲ್ಲಿ ಸರ್ಕಾರಿ ನಕ್ಷೆಗೆ ಸುಲಭವಾಗಿ ಬರುವುದು ಯಾವುದು, ಯಾರಾದರೂ ಹೋಗಿ ಕೇಳಿದರೆ ಮಾತ್ರ ಬರುವುದು ಯಾವುದು ಎಂದು ನೀವೇ ಊಹಿಸಬಹುದು.

ಹಾಗಾದರೆ ಮಾಸ್ಟರ್ಸ್‌ನಲ್ಲಿ ಓದುವುದೇನು? ಕಡಲಿನ ವಿಜ್ಞಾನ ಸ್ವಲ್ಪ, ಸಮುದ್ರ ಕಾನೂನು ಸ್ವಲ್ಪ, ಅರ್ಥಶಾಸ್ತ್ರ ಸ್ವಲ್ಪ, ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ, ಜಾಸ್ತಿ. ಯಾವುದರಲ್ಲೂ ಪಂಡಿತರಾಗುವುದಿಲ್ಲ. ಜೀವಶಾಸ್ತ್ರದವರು, ಎಂಜಿನಿಯರಿಂಗ್‌ನವರು, ಭೂಗೋಳದವರು ಎಲ್ಲ ಬರುತ್ತಾರೆ. ವೆನಿಸ್, ಸೆವಿಲ್ ಮತ್ತು ಅಝೋರಿಸ್ ವಿಶ್ವವಿದ್ಯಾಲಯಗಳು ಸೇರಿ ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯಲ್ಲಿ ಶುರು ಮಾಡಿದ ಎರಡು ವರ್ಷದ ಕೋರ್ಸಿನ ಹೆಸರೇ ‘ಮ್ಯಾರಿಟೈಮ್ ಸ್ಪೇಷಿಯಲ್ ಪ್ಲಾನಿಂಗ್’. ಸ್ವೀಡನ್ನಿನ ಮಾಲ್ಮೋದಲ್ಲಿರುವ ವರ್ಲ್ಡ್ ಮ್ಯಾರಿಟೈಮ್ ಯೂನಿವರ್ಸಿಟಿಯಲ್ಲೂ ಕಡಲ ಆಡಳಿತ ಓದಬಹುದು. ನಮ್ಮಲ್ಲಿ ಇದು ಹೆಚ್ಚಾಗಿ ಬೇರೆ ಡಿಗ್ರಿಗಳ ಒಳಗೆ ಒಂದು ವಿಷಯವಾಗಿ ಬರುತ್ತದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು, ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ (ಸಿಐಎಫ್‌ಇ), ಕೊಚ್ಚಿಯ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ (ಕುಫೋಸ್‌) ಮೂಲಕ ಈ ಕಡೆ ಬರಬಹುದು.

ತರಗತಿಯಲ್ಲಿ ಆಡುವ ಒಂದು ಆಟವೂ ಇದೆ, ಹೆಸರು ‘ಎಂಎಸ್‌ಪಿ ಚಾಲೆಂಜ್’. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು. ಟೇಬಲ್ ಮೇಲೆ ಕಡಲಿನ ಬೋರ್ಡ್ ಹಾಸುತ್ತಾರೆ. ಒಬ್ಬರಿಗೆ ಮೀನುಗಾರಿಕೆ, ಒಬ್ಬರಿಗೆ ಹಡಗು, ಒಬ್ಬರಿಗೆ ಗಾಳಿ ವಿದ್ಯುತ್, ಹೀಗೆ ಪಾತ್ರ. ಅವರವರ ಬಿಲ್ಲೆ, ದಾರ ಇಟ್ಟುಕೊಂಡು ಹೋಗಬೇಕು. ಸ್ವಲ್ಪ ಹೊತ್ತಿಗೆ ಜಾಗ ಸಾಲದೆ ಜೋರು ಮಾತು ಶುರುವಾಗುತ್ತದೆ. ಪರಿಸರದ ಪಾತ್ರ ಸಿಕ್ಕವರು ಎಲ್ಲರ ಹತ್ತಿರವೂ ಬೈಸಿಕೊಳ್ಳುತ್ತಾರಂತೆ.

ನಮ್ಮ ಹುಡುಗಿಗೆ ಆಟಕ್ಕಿಂತ ಕಷ್ಟವಾದದ್ದು ದಡದ ಕೆಲಸ. ಕಡಲಿನ ದೊಡ್ಡ ಪ್ರಿಂಟೌಟು, ಸ್ಕೆಚ್ ಪೆನ್ನು ಹಿಡಿದು ದೋಣಿಯವರ ಹತ್ತಿರ ಹೋದಳು. ಅವರ ಆಳದ ಲೆಕ್ಕ ಮೀಟರಿನಲ್ಲಿ ಅಲ್ಲ, ಮಾರಿನಲ್ಲಿ. ಜಾಗದ ಗುರುತು ಅಕ್ಷಾಂಶ ರೇಖಾಂಶದಲ್ಲಿ ಅಲ್ಲ. ಆ ಗುಡ್ಡದ ತುದಿ ಈ ಲೈಟ್‌ಹೌಸಿಗೆ ನೇರ ಬರಬೇಕು, ಅಲ್ಲಿ ನಿಲ್ಲಿಸು, ಹೀಗೆ. ಅದನ್ನು ಹೇಗೋ ನಕ್ಷೆಗೆ ಇಳಿಸಬಹುದು. ಆದರೆ ಒಬ್ಬ ಅಜ್ಜ ಪೆನ್ನು ಮುಟ್ಟಲೇ ಇಲ್ಲ. ‘ತಂಗಿ, ಮೀನು ನಿಲ್ಲುವ ಕಲ್ಲು ಇಲ್ಲಿದೆ ಅಂತ ನಾನು ಗೀಚಿ ಕೊಟ್ಟರೆ, ನಾಳೆ ಜಿಪಿಎಸ್ ಹಾಕ್ಕೊಂಡು ಊರೆಲ್ಲ ಬರ್ತದೆ. ಆಮೇಲೆ ನಾನೇನು ಮಾಡಲಿ?’ ಅಂದರಂತೆ.

ಅವಳು ವಾಪಸ್ ಬಂದು ನಕ್ಷೆಯ ತುಂಬ ಐದು ಕಿ.ಮೀ. ಅಗಲದ ಚೌಕಗಳನ್ನು ಹಾಕಿದಳು. ಕಲ್ಲಿನ ಚುಕ್ಕಿ ಬೇಡ, ಯಾವ ಚೌಕದಲ್ಲಿ ವರ್ಷಕ್ಕೆ ಎಷ್ಟು ದಿನ ಇರ್ತೀರಿ ಅಷ್ಟು ಹೇಳಿದರೆ ಸಾಕು ಎಂದು ಮಾರನೇ ದಿನ ಮತ್ತೆ ಹೋದಳು. ಅಜ್ಜ ಪೆನ್ನು ತೆಗೆದುಕೊಂಡರು. ಕಂಪ್ಯೂಟರಿನಲ್ಲಿ ಕಪ್ಪಗೆ ಖಾಲಿ ಇದ್ದ ಭಾಗದಲ್ಲಿ ಹನ್ನೊಂದು ಚೌಕಗಳಿಗೆ ಬಣ್ಣ ತುಂಬಿದರು.