ಕಪ್ಪು ಎರಡು, ಬಿಳಿ ನಾಲ್ಕು: ಕರಾವಳಿಯ ಭಜನೆಗೆ ಹಾರ್ಮೋನಿಯಂ ಬಂದ ಹಾದಿ

ಉಡುಪಿ, ಮಂಗಳೂರು ಕಡೆ ಯಕ್ಷಗಾನದ ಭಾಗವತರನ್ನು ನಿಮ್ಮ ಶ್ರುತಿ ಎಷ್ಟು ಅಂತ ಕೇಳಿ ನೋಡಿ. 'ಕಪ್ಪು ಎರಡು' ಅನ್ನುತ್ತಾರೆ, ಇಲ್ಲಾ 'ಬಿಳಿ ನಾಲ್ಕು' ಅನ್ನುತ್ತಾರೆ. ಮದ್ದಳೆಗಾರರಿಗೆ ಅಷ್ಟು ಸಾಕು. ಯಾವ ಮದ್ದಳೆ ಹೊತ್ತು ತರಬೇಕು, ಎಷ್ಟು ಬಿಗಿಯಬೇಕು ಅಂತ ಗೊತ್ತಾಗುತ್ತದೆ. ಈ ಕಪ್ಪು, ಬಿಳಿ ಅನ್ನುವುದೆಲ್ಲ ಹಾರ್ಮೋನಿಯಂನ ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳ ಲೆಕ್ಕ. ಎಡದಿಂದ ಎಣಿಸಿದರೆ ಮೊದಲ ಬಿಳಿ ಮನೆ ಬಿಳಿ ಒಂದು. ಅದರ ಪಕ್ಕದ ಕಪ್ಪು ಮನೆ ಕಪ್ಪು ಒಂದು.

ಈಗ ಆಟದ ರಂಗಸ್ಥಳದಲ್ಲಿ ಹಾರ್ಮೋನಿಯಂ ಕಾಣುವುದು ಅಪರೂಪ. ಭಾಗವತರ ಪಕ್ಕ ಒಂದು ಸಣ್ಣ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇರುತ್ತದೆ. ಅದಕ್ಕೂ ಮೊದಲು ಹಾರ್ಮೋನಿಯಂ ಇತ್ತು. ಇನ್ನೂ ಹಿಂದೆ ಸೋರೆಬುರುಡೆಯ ಪುಂಗಿ ಇತ್ತು. ಪುಂಗಿ ಹೋಯಿತು, ಹಾರ್ಮೋನಿಯಂ ಹೋಯಿತು. ಆದರೆ ಹಾರ್ಮೋನಿಯಂ ಕಲಿಸಿಕೊಟ್ಟ ಲೆಕ್ಕ ನಮ್ಮ ನಾಲಿಗೆಯಲ್ಲಿ ಉಳಿದಿದೆ.

ನಾನು ಚಿಕ್ಕಂದಿನಿಂದ ಭಜನಾ ಮಂಡಳಿಯಲ್ಲಿ ಬೆಳೆದವನು. ಹಾಡುವುದಕ್ಕಿಂತ ಜಾಸ್ತಿ ತಾಳ ಹಾಕಿದವನು. ನಮ್ಮ ಮಂಡಳಿಯ ಹಾರ್ಮೋನಿಯಂ ನನಗಿಂತ ಹಿರಿದು. ಈ ಪೆಟ್ಟಿಗೆ ನಮ್ಮ ಊರಿಗೆ ಹೇಗೆ ಬಂತು, ದೊಡ್ಡವರು ಬೇಡ ಅಂದ ಮೇಲೂ ಹೇಗೆ ಉಳಿಯಿತು ಅನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ.

ಪೆಟ್ಟಿಗೆಯ ಮೇಲಿನ ಹಲಗೆ ತೆಗೆದರೆ ಒಳಗೆ ಸಾಲು ಸಾಲು ಹಿತ್ತಾಳೆಯ ರೀಡುಗಳು ಕಾಣುತ್ತವೆ. ಒಂದು ಹಿತ್ತಾಳೆ ಪಟ್ಟಿ, ಅದರಲ್ಲಿ ಒಂದು ಸೀಳು, ಆ ಸೀಳಿನ ಮೇಲೆ ಒಂದು ತೆಳ್ಳನೆ ನಾಲಿಗೆ. ನಾಲಿಗೆಯ ಒಂದು ತುದಿ ಮಾತ್ರ ಗಟ್ಟಿ, ಇನ್ನೊಂದು ತುದಿ ಬಿಟ್ಟದ್ದು. ಗಾಳಿ ನುಗ್ಗಿದಾಗ ಅದು ಅದುರುತ್ತದೆ, ಸ್ವರ ಹುಟ್ಟುತ್ತದೆ. ನಾಲಿಗೆ ಉದ್ದ ಇದ್ದರೆ ಸ್ವರ ತಗ್ಗು, ಗಿಡ್ಡ ಇದ್ದರೆ ಏರು. ಶ್ರುತಿ ಮಾಡುವವರು ತುದಿಯನ್ನು ಚೂರು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಜಾಸ್ತಿ ಕೆರೆದರೂ ಆ ರೀಡು ಕೆಟ್ಟಿತು ಅಂತಲೇ ಲೆಕ್ಕ. ಬಹಳ ತಾಳ್ಮೆ ಬೇಕಾದ ಕೆಲಸ.

ಇದೇ ನಾಲಿಗೆಯ ಮೇಲೆ ಅಕಾರ್ಡಿಯನ್ ಕೂಡ ನಿಂತಿದೆ. ಎರಡೂ ಒಂದೇ ಮನೆತನದವು. ಚೀನಾದ ಶೆಂಗ್ ಅನ್ನುವ ಊದುವ ವಾದ್ಯದಲ್ಲಿ ಈ ಬಗೆಯ ನಾಲಿಗೆ ಬಹಳ ಹಿಂದಿನಿಂದ ಇದೆ. ಯುರೋಪಿನಲ್ಲಿ 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್ ಅನ್ನುವ ಹೆಸರಿಗೆ ಪೇಟೆಂಟ್ ಪಡೆದರು. ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬ್ಯಾಂ 1840ರ ದಶಕದ ಆರಂಭದಲ್ಲಿ ಹಾರ್ಮೋನಿಯಂ ಅನ್ನುವ ಹೆಸರಿಗೆ ಪಡೆದರು. ಒಂದನ್ನು ಎದೆಗೆ ಕಟ್ಟಿಕೊಂಡು ಕೈಯಿಂದ ತಿದಿ ಎಳೆಯಬೇಕು. ಇನ್ನೊಂದು ನೆಲದ ಮೇಲೆ ನಿಲ್ಲುವ ಮೇಜಿನಂಥದ್ದು. ಅದರ ಮುಂದೆ ಕುರ್ಚಿ ಹಾಕಿ ಕೂತು, ಕಾಲಿನಿಂದ ತಿದಿ ತುಳಿಯಬೇಕು.

ಆ ಕಾಲ್ತುಳಿತದ ಹಾರ್ಮೋನಿಯಂ ಮಿಷನರಿಗಳು, ಇಂಗ್ಲಿಷ್ ಅಧಿಕಾರಿಗಳ ಸಾಮಾನಿನ ಜೊತೆ ಭಾರತಕ್ಕೆ ಬಂತು. ಪಿಯಾನೊದ ತಂತಿ ನಮ್ಮ ಸೆಕೆಗೆ, ಮಳೆಗೆ ಬೇಗ ಶ್ರುತಿ ತಪ್ಪುತ್ತಿತ್ತು. ಹಿತ್ತಾಳೆಯ ನಾಲಿಗೆ ಹಾಗಲ್ಲ, ತಡೆದುಕೊಳ್ಳುತ್ತಿತ್ತು. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಬಲ್ಮಠದ ಅವರ ಅಚ್ಚುಕೂಟ, ಅಲ್ಲಿಂದ 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ', ಜೆಪ್ಪುವಿನ ಹೆಂಚಿನ ಕಾರ್ಖಾನೆ, ಕಿಟ್ಟೆಲರ ನಿಘಂಟು, ಇವೆಲ್ಲ ನಮಗೆ ಗೊತ್ತು. ಅವರು ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿಸಿ ಹಾಡಿಸಿದ್ದು ಅಷ್ಟಾಗಿ ನೆನಪಾಗುವುದಿಲ್ಲ. ಒಂದು ಸಭೆಯ ಎಲ್ಲರೂ ಒಟ್ಟಿಗೆ, ಒಂದೇ ಶ್ರುತಿಯಲ್ಲಿ ಹಾಡಬೇಕು ಅನ್ನುವ ಪದ್ಧತಿ ಅದು. ಆ ಕೆಲಸಕ್ಕೆ ಈ ವಾದ್ಯ ಹೇಳಿ ಮಾಡಿಸಿದಂತಿತ್ತು.

ಆದರೆ ನಾವು ಕುರ್ಚಿಯ ಮೇಲೆ ಕೂತು ಹಾಡುವವರಲ್ಲ, ಅಲ್ವಾ? ಚಾಪೆ ಹಾಸಿ ಚಕ್ಕಳಮಕ್ಕಳ ಕೂರುವವರು. ಇದನ್ನು ಮನಗಂಡವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅವರ ದ್ವಾರ್ಕಿನ್ ಕಂಪನಿ 1875ರಲ್ಲಿ ಶುರುವಾಯಿತು. ಅವರು ಮೇಜಿನ ಕಾಲು ತೆಗೆದರು. ತಿದಿಯನ್ನು ಪೆಟ್ಟಿಗೆಯ ಹಿಂದಕ್ಕೆ ತಂದರು. ಒಂದು ಕೈ ತಿದಿ ಒತ್ತಲಿ, ಇನ್ನೊಂದು ಕೈ ನುಡಿಸಲಿ ಅಂದರು. ಬಲಗೈಗೆ ಒಂದು ರಾಗ, ಎಡಗೈಗೆ ಬೇರೆ ಸ್ವರಗಳ ಮೇಳ ಅನ್ನುವುದು ಯುರೋಪಿನ ಸಂಗೀತ. ನಮ್ಮ ಹಾಡಿಗೆ ಒಂದೇ ಎಳೆ ಸಾಕು, ಒಂದು ಕೈ ಸಾಕು. ಹಿಡಿದಿಟ್ಟ ಆಧಾರ ಶ್ರುತಿಗೆ ಅಂತ ಪೆಟ್ಟಿಗೆಯ ಮುಂದೆ ಎಳೆಯುವ ಗುಬುಟುಗಳೂ ಬಂದವು. ನನ್ನ ಮಟ್ಟಿಗೆ ಇವತ್ತಿನ ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸಿನಲ್ಲಿ ಅಲ್ಲ, ಕಲ್ಕತ್ತೆಯಲ್ಲಿ. ಸುಮ್ನೆ ಅಭಿಮಾನಕ್ಕೆ ಹೇಳುತ್ತಿಲ್ಲ. ನೆಲದ ಮೇಲೆ ಕೂರುವ ಹಾಡುಗಾರನಿಗಾಗಿ ಇಡೀ ವಾದ್ಯವನ್ನೇ ಮತ್ತೆ ಕಟ್ಟಿದರು.

ಅಲ್ಲಿಂದ ಅದು ಬೇಗ ಹರಡಿತು. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಇಡೀ ನಾಟಕದ ಹಗ್ಗ ಹಿಡಿದವರಾದರು. ಬೆಳಗಾವಿಯ ರಾಮಭಾವು ಬಿಜಾಪುರೆ ಅಂಥವರು ಅದನ್ನು ಹಿಂದೂಸ್ತಾನಿ ಕಛೇರಿಯಲ್ಲಿ ಗೌರವದ ಜಾಗಕ್ಕೆ ಏರಿಸಿದರು.

ವಿರೋಧವೂ ಅಷ್ಟೇ ಜೋರಾಗಿತ್ತು. ಅದಕ್ಕೆ ಕಾರಣವೂ ಇತ್ತು. ನಮ್ಮ ಸಂಗೀತದ ಜೀವ ಇರುವುದು ಸ್ವರದಿಂದ ಸ್ವರಕ್ಕೆ ಜಾರುವುದರಲ್ಲಿ, ಗಮಕದಲ್ಲಿ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹಾರಬೇಕು, ಜಾರಲಾಗದು. ಇನ್ನೊಂದು ತಕರಾರು ಶ್ರುತಿಯದ್ದು. ಅದರ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ. ಹಾಗಾಗಿ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ, ಅಂದರೆ 'ಗ' ಸ್ವರಕ್ಕಿಂತ, ಪೆಟ್ಟಿಗೆಯ ಗಾಂಧಾರ ಒಂದಿಷ್ಟು ಏರಿರುತ್ತದೆ. ಪಳಗಿದ ಕಿವಿಗೆ ಅದು ಚುಚ್ಚುತ್ತದೆ. ಕಲಾಚಿಂತಕ ಆನಂದ ಕುಮಾರಸ್ವಾಮಿ ಇದನ್ನು ವಿರೋಧಿಸಿದರು. ರವೀಂದ್ರನಾಥ ಟ್ಯಾಗೋರರಿಗೂ ಇದು ಬೇಡವಾಗಿತ್ತು. ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್ ಇದರ ವಿರುದ್ಧ ಬರೆದರು. ಕೊನೆಗೆ 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್.

ನಿಷೇಧ ಸಡಿಲವಾಗಿದ್ದು 1971ರಲ್ಲಿ. ಆಗಲೂ ಷರತ್ತುಗಳಿದ್ದವು. ಅಂದರೆ 30 ವರ್ಷಕ್ಕೂ ಜಾಸ್ತಿ ಕಾಲ ದೇಶದ ರೇಡಿಯೊದಲ್ಲಿ ಈ ವಾದ್ಯಕ್ಕೆ ಬಾಯಿಲ್ಲ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ನಮ್ಮ ಊರಿಗೆ ನಮ್ಮದೇ ನಿಲಯ ಬರುವ ಹೊತ್ತಿಗೆ ಆ ಕಟ್ಟು ಸಡಿಲವಾಗಿತ್ತು.

ಆ 30 ವರ್ಷ ಕರಾವಳಿಯಲ್ಲಿ ಹಾರ್ಮೋನಿಯಂ ನಿಲ್ಲಲಿಲ್ಲ. ಇದಕ್ಕೆ ಉತ್ತರ ರೇಡಿಯೊದಲ್ಲೂ ಇಲ್ಲ, ಕಛೇರಿಯಲ್ಲೂ ಇಲ್ಲ. ಭಜನಾ ಮಂದಿರದಲ್ಲಿದೆ.

ಮಲ್ಪೆಯಿಂದ ಉಳ್ಳಾಲದವರೆಗೆ ಕಡಲ ಕರೆಯಲ್ಲಿ ನಡೆಯುತ್ತಾ ಹೋಗಿ. ಮೀನುಗಾರ ಮೊಗವೀರರ ಊರುಗಳಲ್ಲಿ ಭಜನಾ ಮಂದಿರಗಳು ಸಿಗುತ್ತಾ ಹೋಗುತ್ತವೆ. ಅದು ಬರೀ ಹಾಡುವ ಜಾಗ ಅಲ್ಲ. ಊರಿನ ಮಾತು ಆಗುವುದು ಅಲ್ಲೇ, ತಕರಾರು ಬಗೆಹರಿಯುವುದು ಅಲ್ಲೇ. ಗೌಡ ಸಾರಸ್ವತರ ದೇವಸ್ಥಾನಗಳಲ್ಲಿ ಭಜನಾ ಸಪ್ತಾಹ ಇದೆ. ಏಳು ದಿನ, ಏಳು ರಾತ್ರಿ, ಹಾಡು ಎಲ್ಲೂ ನಿಲ್ಲಬಾರದು. ಸಣ್ಣ ಮಂದಿರಗಳಲ್ಲಿ ಒಂದು ದಿನದ ಏಕಾಹ. ಇನ್ನು ನಗರ ಭಜನೆ. ಮನೆ ಮನೆಗೆ ಹೋಗಿ, ಅಂಗಳದಲ್ಲಿ ದೀಪದ ಮುಂದೆ ಹಾಡಿ, ಪಂಚಕಜ್ಜಾಯ ತಿಂದು, ಪಕ್ಕದ ಮನೆಗೆ ಹೊರಡುವುದು.

ಏಕಾಹದ ರಾತ್ರಿ ಎರಡು ಗಂಟೆಯ ಪಾಳಿಯಲ್ಲಿ ಕೂತವರಿಗೆ ಈ ಪೆಟ್ಟಿಗೆಯ ಬೆಲೆ ಗೊತ್ತು. ಅಷ್ಟು ಹೊತ್ತಿಗೆ ನಾಲ್ಕೈದು ಜನ ಮಾತ್ರ ಇರುತ್ತಾರೆ. ಒಬ್ಬರದ್ದು ಗಡಸು ಧ್ವನಿ, ಒಬ್ಬರದ್ದು ಕೀರಲು, ಒಬ್ಬರಿಗೆ ನಿದ್ದೆ. ಹಾಡು ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗುವಾಗ ಶ್ರುತಿ ಜಾರುತ್ತದೆ. ಆಗ ಹಾರ್ಮೋನಿಯಂನವರು 'ಸ' ಹಿಡಿದು ಕೂರುತ್ತಾರೆ. ತಪ್ಪಿದವರು ಆ ಸ್ವರ ಕೇಳಿ ವಾಪಸು ಬರುತ್ತಾರೆ. ಯಾರೂ ಯಾರಿಗೂ ತಪ್ಪಿತು ಅಂತ ಹೇಳಬೇಕಿಲ್ಲ. ತಂಬೂರಿಯ ಮೆಲುದನಿ ಇಪ್ಪತ್ತು ತಾಳಗಳ ಸದ್ದಿನಲ್ಲಿ ಕೇಳಿಸದು. ಪಿಟೀಲು ಕಲಿಯಲು ವರ್ಷಗಟ್ಟಲೆ ಬೇಕು. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ಸಿದ್ಧ. ಹಗಲು ದೋಣಿಯಲ್ಲಿ, ಅಂಗಡಿಯಲ್ಲಿ, ಗದ್ದೆಯಲ್ಲಿ ದುಡಿದವರು ಸಂಜೆ ಬಂದು ಕಲಿಯಬಹುದಾದ ವಾದ್ಯ ಇದು. ಪಂಡಿತರು ಹೇಳಿದ ಕೊರತೆ ನಿಜ. ಆದರೆ ಗುಂಪಾಗಿ ಹಾಡುವವರಿಗೆ ಬೇಕಾದದ್ದೇ ಬೇರೆ.

ಪುರಂದರದಾಸರ ಕೈಯಲ್ಲಿ ಇದ್ದದ್ದು ತಂಬೂರಿ, ಕಾಲಲ್ಲಿ ಗೆಜ್ಜೆ. ಅವರ ಪದಗಳನ್ನೇ ನಾವು ಇವತ್ತು ಈ ಪೆಟ್ಟಿಗೆಯ ಜೊತೆ ಹಾಡುತ್ತೇವೆ. ಅದರಲ್ಲಿ ನನಗೆ ಯಾವ ವಿರೋಧವೂ ಕಾಣುವುದಿಲ್ಲ. ದಾಸರು ಪದ ಕಟ್ಟಿದ್ದು ಬೀದಿಯ ಜನ ಹಾಡಲಿ ಅಂತ ತಾನೆ?

ಹಾಗಾದರೆ ಅಕಾರ್ಡಿಯನ್ ಯಾಕೆ ನಮ್ಮಲ್ಲಿ ಹೀಗೆ ಬೇರು ಬಿಡಲಿಲ್ಲ? ಹಿಂದಿ ಸಿನಿಮಾ ಸಂಗೀತದಲ್ಲಿ ಅದು ಮೆರೆದಿದೆ. ಗೂಡಿ ಸೀರ್ವಾಯಿ, ಪುಣೆಯ ಏನೋಕ್ ಡೇನಿಯಲ್ಸ್ ಅಂಥ ದೊಡ್ಡ ವಾದಕರಿದ್ದರು. 1964ರ 'ಸಂಗಮ್' ಚಿತ್ರದಲ್ಲಿ ರಾಜ್ ಕಪೂರ್ ಅಕಾರ್ಡಿಯನ್ ಹಿಡಿದದ್ದನ್ನು ನಮ್ಮ ಅಪ್ಪಂದಿರ ತಲೆಮಾರು ಮರೆತಿಲ್ಲ. ಆದರೆ ಅದಕ್ಕೆ ಎರಡು ಕೈ ಬೇಕು. ಬಲಗೈಗೆ ಪಿಯಾನೊ ಮನೆಗಳು, ಎಡಗೈಗೆ ದೊಡ್ಡ ಅಕಾರ್ಡಿಯನ್‌ನಲ್ಲಿ 120 ಗುಂಡಿಗಳು. ಆ ಗುಂಡಿಗಳಲ್ಲಿ ಹೆಚ್ಚಿನವು ಒತ್ತಿದರೆ ಮೂರು ಸ್ವರ ಒಟ್ಟಿಗೆ ನುಡಿಯುತ್ತವೆ. ಅದು ನಮ್ಮ ಪದಗಳಿಗೆ ಬೇಡ. ಭಾರವೂ ಜಾಸ್ತಿ. ಎಳೆದಾಗ ಒಂದು ನಾಲಿಗೆ, ಒತ್ತಿದಾಗ ಇನ್ನೊಂದು. ಹಾಗಾಗಿ ಒಂದೇ ಸ್ವರಕ್ಕೆ ಕಡಿಮೆ ಅಂದರೂ ಎರಡು ರೀಡು. ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ.

ಆದರೂ ಒಂದು ಹೋಲಿಕೆ ನನಗೆ ಬಹಳ ಇಷ್ಟ. ಸ್ಕಾಟ್ಲೆಂಡಿನ ಸಣ್ಣ ಊರುಗಳಲ್ಲಿ ಅಕಾರ್ಡಿಯನ್ ಮತ್ತು ಫಿಡಲ್ ಕ್ಲಬ್‌ಗಳಿವೆ. ತಿಂಗಳಿಗೊಮ್ಮೆ ಸೇರುತ್ತಾರೆ, ಊರವರೇ ಸರದಿಯಲ್ಲಿ ನುಡಿಸುತ್ತಾರೆ. ನಮ್ಮಲ್ಲಿ ಶನಿವಾರವೋ ಏಕಾದಶಿಯೋ ಮಂದಿರದಲ್ಲಿ ಸೇರುವುದು ಇದೇ ತಾನೆ? ನಗರ ಭಜನೆಗೆ ಹೊರಟಾಗ ನಮ್ಮವರು ಹಾರ್ಮೋನಿಯಂಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ನೇತು ಹಾಕಿಕೊಳ್ಳುತ್ತಾರೆ. ಒಂದು ಕೈಯಲ್ಲಿ ತಿದಿ, ಇನ್ನೊಂದು ಕೈಯಲ್ಲಿ ಮನೆಗಳು, ಕಾಲು ನಡೆಯುತ್ತಿರುತ್ತದೆ. ಆಗ ಅದು ಅಕಾರ್ಡಿಯನ್ನಿನ ತಮ್ಮನಂತೆಯೇ ಕಾಣುತ್ತದೆ.

ಪರದೇಶದ ವಾದ್ಯ ಅಂತ ದೂರ ಇಡುವ ಸ್ವಭಾವ ಈ ನೆಲಕ್ಕೆ ಇಲ್ಲ. ಬಂಟ್ವಾಳದ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದರು. ಸ್ಯಾಕ್ಸೋಫೋನಿನಲ್ಲಿ ಉಸಿರಿನಿಂದ ಸ್ವರ ಜಾರಿಸಬಹುದು, ಅದು ಕಛೇರಿಯ ವೇದಿಕೆ ಏರಿತು. ಹಾರ್ಮೋನಿಯಂ ಚಾಪೆಯ ಮೇಲೆ ಜನರ ನಡುವೆ ಉಳಿಯಿತು.

ಈಗಿನ ಕಷ್ಟ ಬೇರೆ. ಭಜನೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕುಣಿತ ಭಜನೆಗೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಬರುತ್ತಿದ್ದಾರೆ. ಧರ್ಮಸ್ಥಳದ ಭಜನಾ ಕಮ್ಮಟದಲ್ಲಿ ತರಬೇತಿ ಸಿಗುತ್ತದೆ. ಆದರೆ ನಾನು ನೋಡಿದ ಮಂಡಳಿಗಳಲ್ಲಿ ಹೆಜ್ಜೆ ಕಲಿಯುವವರು ಇಪ್ಪತ್ತು ಜನ ಇದ್ದರೆ ಪೆಟ್ಟಿಗೆಯ ಮುಂದೆ ಕೂರುವವರು ಒಬ್ಬರು. ಅವರು ಬರದ ದಿನ ಶ್ರುತಿಪೆಟ್ಟಿಗೆ ಹಾಕುತ್ತೇವೆ, ಇಲ್ಲವೇ ಮೊಬೈಲ್. ಅದು ಶ್ರುತಿ ಕೊಡುತ್ತದೆ, ಆದರೆ ಹಾಡಿನ ಹಿಂದೆ ಬರುವುದಿಲ್ಲ. ಹಾಡುವವರು ಸಾಲು ಮರೆತಾಗ ಮುಂದಿನ ಸ್ವರ ನುಡಿಸಿ ನೆನಪಿಸುವುದು ಅದಕ್ಕೆ ಗೊತ್ತಿಲ್ಲ.

ಹೆಂಗಸರ ಭಜನೆ ಹೆಚ್ಚಿದ ಮೇಲೆ ಇನ್ನೊಂದು ಮಾತು ಎದ್ದಿದೆ. ಗಂಡಸರ ಶ್ರುತಿಯಲ್ಲೇ ಕಲಿತ ಹಾರ್ಮೋನಿಯಂನವರಿಗೆ ಹೆಂಗಸರ ಶ್ರುತಿಗೆ 'ಸ' ಬದಲಿಸಲು ಕೈ ಬರುವುದಿಲ್ಲ. ಬೆರಳಿನ ಲೆಕ್ಕವೆಲ್ಲ ಪಲ್ಲಟವಾಗುತ್ತದೆ. ಹಾಗಾಗಿ ಎಷ್ಟೋ ಕಡೆ ಹೆಂಗಸರು ತಮ್ಮದಲ್ಲದ ಶ್ರುತಿಯಲ್ಲಿ ಗಂಟಲು ಒತ್ತಿ ಹಾಡುತ್ತಾರೆ. ಇದು ಸರಿಯಲ್ಲ. ಮನೆಗಳ ಸಾಲನ್ನೇ ಸರಿಸಬಹುದಾದ ಸ್ಕೇಲ್ ಚೇಂಜರ್ ಪೆಟ್ಟಿಗೆ ಇದೆ, ಆದರೆ ಅದು ದುಬಾರಿ, ಭಾರ. ಹೆಂಗಸರೇ ತಮ್ಮ ಶ್ರುತಿಯಲ್ಲಿ ಹಾರ್ಮೋನಿಯಂ ಕಲಿಯುವುದು ಅದಕ್ಕಿಂತ ಸುಲಭದ ದಾರಿ.

ಇನ್ನು ಮಳೆ. ಈ ಕರೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಕೂರುತ್ತವೆ. ಉಪ್ಪುಗಾಳಿಗೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ತಿದಿಯ ಮಡಿಕೆಯನ್ನು ಜಿರಳೆ, ಇಲಿ ಬಿಡುವುದಿಲ್ಲ. ಕೆಲವು ವರ್ಷದ ಹಿಂದೆ ನಮ್ಮ ಪೆಟ್ಟಿಗೆಯ ಒಂದು ಮನೆ ಮೂಕವಾಯಿತು. ಪೇಟೆಯ ಒಂದು ಅಂಗಡಿಗೆ ಕೊಟ್ಟೆವು. ಆ ರೀಡನ್ನು ಕೆರೆದು ಕೆರೆದು ತೆಳ್ಳಗೆ ಮಾಡಿ ಕೊಟ್ಟರು. ಆರು ತಿಂಗಳಲ್ಲಿ ಅದು ಮುರಿಯಿತು. ಹಳೆಯ ರೀಡಿನ ಇಂಪು ಹೊಸದಕ್ಕೆ ಬರಲಿಲ್ಲ.

ಅದಾದ ಮೇಲೆ ನಮ್ಮ ಮಂಡಳಿಯಲ್ಲಿ ಎರಡು ಬದಲಾವಣೆ ಆಯಿತು. ಮಳೆ ಶುರುವಾಗುವ ಮೊದಲೇ, ಮೇ ತಿಂಗಳಲ್ಲಿ, ಪೆಟ್ಟಿಗೆ ಬಿಚ್ಚಿ ಒಣ ಕುಂಚದಿಂದ ರೀಡುಗಳ ಧೂಳು ತೆಗೆಯುತ್ತೇವೆ. ಆ ದಿನ ಮಕ್ಕಳನ್ನು ಸುತ್ತ ಕೂರಿಸುತ್ತೇವೆ. ಇನ್ನೊಂದು, ಶನಿವಾರದ ಭಜನೆಗೆ ಮೊದಲು ಅರ್ಧ ಗಂಟೆ ಪೆಟ್ಟಿಗೆ ಕಲಿಯುವವರದ್ದು. ಈಗ ಮೂವರು ಬರುತ್ತಾರೆ, ಇಬ್ಬರು ಹುಡುಗಿಯರು. ಅವರಲ್ಲಿ ದೊಡ್ಡವಳು ಕಪ್ಪು ನಾಲ್ಕರಿಂದ 'ಸ' ಹಿಡಿಯಲು ಕಲಿತಿದ್ದಾಳೆ. ಈ ಸಲದ ಏಕಾಹದಲ್ಲಿ ಹೆಂಗಸರ ಪಾಳಿಗೆ ಅವಳೇ ಕೂರುತ್ತಾಳೆ.