ಸೊನ್ನೆ ಡಿಗ್ರಿಯ ಕಾಟ

ಮೊನ್ನೆ ಮಂಡ್ಯದ ಚಿಕ್ಕಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ನಮ್ಮ ಮನೆ ಮುಂದಿನ ಹಿಮ ತೋರಿಸುತ್ತಿದ್ದೆ. ಅವರ ಕಣ್ಣು ಬಿದ್ದಿದ್ದು ಹಿಮದ ಮೇಲಲ್ಲ, ಗೋಡೆಗೆ ಕೂರಿಸಿದ್ದ ಡಬ್ಬದ ಮೇಲೆ. "ಲೋ, ಆ ಚಳೀಲಿ ಎಸಿ ಯಾಕೋ ಹಾಕ್ಸಿದ್ದೀಯಾ?"

ಒಂದು ಲೆಕ್ಕದಲ್ಲಿ ಅದು ಎಸಿಯೇ, ಉಲ್ಟಾ ಓಡುವ ಎಸಿ. ಬೆಂಗಳೂರಿನ ಎಸಿ ರೂಮಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಇದು ಹೊರಗಿನ ಬಿಸಿಯನ್ನು ಹೊತ್ತು ಒಳಗೆ ತರುತ್ತದೆ. ಹೆಸರು ಹೀಟ್ ಪಂಪ್. ನಾರ್ವೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿದೆ. ನಾನು ಇಲ್ಲಿನ ಹಾಮಾರ್ ಸುತ್ತಮುತ್ತ ಇವನ್ನು ಕೂರಿಸಿ, ರಿಪೇರಿ ಮಾಡಿ ಜೀವನ ನಡೆಸುವವನು.

"ಮೈನಸ್ ಹದಿನೈದರಲ್ಲಿ ಬಿಸಿ ಎಲ್ಲಿಂದ ಬರುತ್ತೋ?" ಇದು ಅವರ ಎರಡನೇ ಪ್ರಶ್ನೆ. ಇಲ್ಲಿನ ಗಿರಾಕಿಗಳೂ ಕೇಳುತ್ತಾರೆ. ಫ್ರಿಜ್ ಪಕ್ಕಕ್ಕೆ ಕೈ ಇಟ್ಟು ನೋಡಿ ಚಿಕ್ಕಪ್ಪ, ಅಂದೆ. ಬೆಚ್ಚಗಿದೆ ಅಲ್ವಾ? ಫ್ರೀಜರ್ ಒಳಗೆ ಮೈನಸ್ 18. ಅಲ್ಲಿಂದಲೂ ಬಿಸಿ ಎಳೆದು ನಿಮ್ಮ ಅಡುಗೆಮನೆಗೆ ಬಿಡುತ್ತಿದೆ. ಗಾಳಿಯಲ್ಲಿ ಬಿಸಿ ಪೂರ್ತಿ ಖಾಲಿಯಾಗಬೇಕು ಅಂದರೆ ಮೈನಸ್ 273ಕ್ಕೆ ಇಳಿಯಬೇಕು.

ಇದರ ಗುಟ್ಟೆಲ್ಲ ಒಳಗೆ ಓಡಾಡುವ ಗ್ಯಾಸ್‌ನಲ್ಲಿದೆ. ಈಗಿನ ಬಹಳಷ್ಟು ಮೆಷಿನ್‌ಗಳಲ್ಲಿರುವುದು ಆರ್-32. ಮಾಮೂಲಿ ಒತ್ತಡದಲ್ಲಿ ಅದು ಮೈನಸ್ 51.7ಕ್ಕೇ ಕುದಿಯುತ್ತದೆ. ನಾರ್ವೆಯ ಅತಿ ಚಳಿಯ ದಾಖಲೆ 1886ರ ಜನವರಿ 1ರಂದು ಕಾರಾಶೋಕ್‌ನಲ್ಲಿ ಬಿದ್ದ ಮೈನಸ್ 51.4. ಆವತ್ತಿನ ಗಾಳಿಗೆ ಹಿಡಿದಿದ್ದರೂ ಈ ಗ್ಯಾಸ್ ಕುದಿಯುತ್ತಿತ್ತು. ನಮಗೆ ಕಿವಿ ಮರಗಟ್ಟಿಸುವ ಮೈನಸ್ 15, ಅದಕ್ಕೆ ಕಾದ ದೋಸೆ ಕಾವಲಿ ಇದ್ದ ಹಾಗೆ. ಹೊರಗಿನ ಡಬ್ಬದ ಕಾಯಿಲ್‌ನಲ್ಲಿ, ಅಂದರೆ ಸುತ್ತಿಟ್ಟ ಪೈಪಿನಲ್ಲಿ, ಚುಯ್ ಅಂತ ಕುದ್ದು ಆವಿಯಾಗುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಆಮೇಲೆ ಕಂಪ್ರೆಸರ್ ಅದನ್ನು ಅದುಮುತ್ತದೆ. ಅದುಮಿದ ಗ್ಯಾಸ್ ಬಿಸಿಯೇರುತ್ತದೆ, ಸೈಕಲ್ ಪಂಪು ಹೊಡೆದವರಿಗೆ ಗೊತ್ತು. ಆ ಬಿಸಿ ಗ್ಯಾಸ್ ಒಳಗಿನ ಕಾಯಿಲ್‌ನಲ್ಲಿ ದ್ರವವಾಗುವಾಗ, ಹೊತ್ತು ತಂದಿದ್ದನ್ನೆಲ್ಲ ಮನೆಗೆ ಇಳಿಸುತ್ತದೆ.

ಹಾಗಂತ ಚಳಿಗೆ ಬೆಲೆಯೇ ಇಲ್ಲ ಅಂತಲ್ಲ. ಹೊರಗೆ 7 ಡಿಗ್ರಿ ಇದ್ದಾಗ ಒಂದು ಯೂನಿಟ್ ಕರೆಂಟಿಗೆ ಸುಮಾರು ನಾಲ್ಕು ಯೂನಿಟ್ ಬಿಸಿ ಸಿಗುತ್ತದೆ. ಮೈನಸ್ 15ರಲ್ಲಿ ಎರಡರ ಆಸುಪಾಸು. ಕಾಯಿಲ್ ಹೀಟರ್ ಯಾವತ್ತೂ ಒಂದಕ್ಕೆ ಒಂದೇ. ಚಳಿ ಏರಿದಂತೆ ಗ್ಯಾಸ್ ತೆಳುವಾಗುತ್ತದೆ, ಕಂಪ್ರೆಸರ್ ಜಾಸ್ತಿ ತಿರುಗಿ ಕಡಿಮೆ ಬಿಸಿ ತರುತ್ತದೆ. ಮನೆಗೆ ಹೆಚ್ಚು ಬಿಸಿ ಬೇಕಾಗುವುದೂ ಅದೇ ಹೊತ್ತಿಗೆ. ಹಾಗಾಗಿ "ಮೈನಸ್ 25ರವರೆಗೆ ಓಡುತ್ತದೆ" ಎಂಬ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ ಅನ್ನುತ್ತೇನೆ. ಓಡುವುದು ಬೇರೆ, ಮನೆ ಬೆಚ್ಚಗಿಡುವುದು ಬೇರೆ. ಮೈನಸ್ 15ರಲ್ಲಿ ಎಷ್ಟು ಕಿಲೋವ್ಯಾಟ್ ಕೊಡುತ್ತದೆ ಅಂತ ಕೇಳಿ. ಹಳೇ ಮರದ ಮನೆಯವರು ಪಂಪ್ ಬಂತಲ್ಲ ಅಂತ ಕಟ್ಟಿಗೆ ಒಲೆ ಕೀಳಿಸಲು ಹೊರಟರೆ ನಾನೇ ಬೇಡ ಅನ್ನುತ್ತೇನೆ. ವರ್ಷಕ್ಕೆ ನಾಲ್ಕೈದು ರಾತ್ರಿಗಾದರೂ ಅದು ಬೇಕು.

ನನ್ನ ನಿಜವಾದ ತಲೆನೋವು ಮೈನಸ್ 20 ಅಲ್ಲ. ಸೊನ್ನೆ.

ಮೈನಸ್ 20ರ ಗಾಳಿ ಒಣ. ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ ಒಂದು ಗ್ರಾಂ ನೀರು. ಸೊನ್ನೆಯಲ್ಲಿ ಅದೇ ಜಾಗಕ್ಕೆ ಐದು ಗ್ರಾಂ ಹತ್ತಿರ ಹಿಡಿಯುತ್ತದೆ. ಹೊರಗೆ 1 ಡಿಗ್ರಿ, ಒದ್ದೆ ಹಿಮ ಬೀಳುತ್ತಿದೆ ಅಂದುಕೊಳ್ಳಿ. ಕಾಯಿಲ್ ಗಾಳಿಗಿಂತ ತಣ್ಣಗಿರಲೇಬೇಕು, ಅಂದರೆ ಸೊನ್ನೆಗಿಂತ ಕೆಳಗೆ. ಗಾಳಿಯ ನೀರೆಲ್ಲ ಬಂದು ತಗಡಿನ ರೆಕ್ಕೆಗಳ ಮೇಲೆ ಹೆಪ್ಪುಗಟ್ಟುತ್ತದೆ. ಮುಕ್ಕಾಲು ಗಂಟೆಯಲ್ಲಿ ಬಿಳಿ ಕಂಬಳಿ ಹೊದ್ದ ಹಾಗಾಗಬಹುದು, ಗಾಳಿ ನುಗ್ಗಲು ಜಾಗವೇ ಇರುವುದಿಲ್ಲ. ಆಗ ಮೆಷಿನ್ ತಾನೇ ದಿಕ್ಕು ಬದಲಿಸಿ, ಐದು-ಹತ್ತು ನಿಮಿಷ ಮನೆಯ ಬಿಸಿಯನ್ನೇ ಹೊರಗೆ ಕಳಿಸಿ ಮಂಜು ಕರಗಿಸುತ್ತದೆ. ಇದಕ್ಕೆ ಡಿಫ್ರಾಸ್ಟ್ ಅನ್ನುತ್ತೇವೆ. ಒಳಗಿನ ಫ್ಯಾನ್ ನಿಲ್ಲುತ್ತದೆ, ಹೊರಗೆ ದಟ್ಟ ಆವಿ ಏಳುತ್ತದೆ. ಒಬ್ಬ ಅಜ್ಜಿ "ಮೆಷಿನ್‌ಗೆ ಬೆಂಕಿ ಬಿದ್ದಿದೆ" ಅಂತ ಗಾಬರಿಯಿಂದ ಫೋನ್ ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಅದು ಏನೂ ಆಗದ ಹಾಗೆ ಬಿಸಿಗಾಳಿ ಊದುತ್ತಿತ್ತು. ಕಾಫಿ ಕುಡಿದು ಬಂದೆ.

ಕರಗಿದ ನೀರು ಎಲ್ಲಿಗೆ ಹೋಗಬೇಕು? ಇಲ್ಲಿಗೆ ಬಂದ ಮೊದಲ ವರ್ಷ ನಾನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿ ಕೂರಿಸುವ ಹಾಗೆ ಹೊರಗಿನ ಡಬ್ಬವೊಂದನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಕೂರಿಸಿ ಬಂದಿದ್ದೆ. ಒದ್ದೆ ದಿನಗಳಲ್ಲಿ ಒಂದೊಂದು ಬಕೆಟ್ ನೀರು ಕೆಳಗಿಳಿದು, ರಾತ್ರಿ ಗಟ್ಟಿಯಾಗಿ, ಹುತ್ತದ ಹಾಗೆ ಮೇಲೆ ಬೆಳೆಯಿತು. ಫೆಬ್ರವರಿಯಲ್ಲಿ ಹೋಗಿ ನೋಡಿದರೆ ಮಂಜುಗಡ್ಡೆ ತಳದ ಟ್ರೇ ದಾಟಿ ಫ್ಯಾನ್ ಮುಟ್ಟಿದೆ. ಟಕ ಟಕ ಟಕ. ಮನೆಯವರು ಸ್ಕ್ರೂಡ್ರೈವರ್‌ನಲ್ಲಿ ಕುಟ್ಟಲು ಹೋಗಿ ಕಾಯಿಲ್‌ನ ತಗಡಿನ ರೆಕ್ಕೆಗಳನ್ನು ಮಡಚಿದ್ದರು. ಪುಣ್ಯಕ್ಕೆ ಪೈಪ್ ತೂತಾಗಿರಲಿಲ್ಲ. ಉಗುರುಬೆಚ್ಚಗಿನ ನೀರು ಸುರಿದು ಸುರಿದು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ದಿನದ ಕೂಲಿ ನಾನು ತೆಗೆದುಕೊಳ್ಳಲಿಲ್ಲ.

ಈಗ ಸೊಂಟದೆತ್ತರಕ್ಕಿಂತ ಕೆಳಗೆ ಕೂರಿಸುವುದಿಲ್ಲ. ತಳದ ಟ್ರೇಗೆ ಹೀಟಿಂಗ್ ಕೇಬಲ್ ಇದೆಯಾ ಅಂತ ಮೊದಲು ನೋಡುತ್ತೇನೆ. ಸೂರಿನ ನೀರು ಮೇಲೆ ಸುರಿಯುವ ಜಾಗ ಬೇಡ. ನೀರು ಇಳಿಯುವ ಕಡೆ ಜನ ಓಡಾಡುವ ದಾರಿಯೂ ಇರಬಾರದು, ಜಾರಿ ಸೊಂಟ ಮುರಿದುಕೊಳ್ಳುತ್ತಾರೆ. ಇಷ್ಟಕ್ಕೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ. ಸೀಸನ್ನಿನಲ್ಲಿ ದಿನಕ್ಕೆ ಮೂರು ಮನೆ ಮುಗಿಸುವ ಅವಸರದಲ್ಲಿರುವವರು ಇದನ್ನೇ ಬಿಡುತ್ತಾರೆ.

ಈ ವಾರ ಮೈನಸ್ 22. ಫೋನ್ ತಣ್ಣಗೆ ಕೂತಿದೆ. ಭಾನುವಾರ ಸೊನ್ನೆಗೆ ಏರಿ ಒದ್ದೆ ಹಿಮ ಬೀಳುತ್ತದಂತೆ. ವ್ಯಾನಿಗೆ ಎರಡು ಹೀಟಿಂಗ್ ಕೇಬಲ್, ನೀರಿನ ಕ್ಯಾನ್ ಹಾಕಿಟ್ಟಿದ್ದೇನೆ.