ಹಾರ್ಮೋನ್ ಸೂಜಿ ತಪ್ಪಿದರೆ ಮುಂದಿನ ಸಲ ಎರಡು ಸೇರಿಸಿ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಅಪ್ಪಗ ಪ್ರೋಸ್ಟೇಟ್ ಕ್ಯಾನ್ಸರ್ ಅದ. ಮೂರು ತಿಂಗಳಿಗೊಮ್ಮೆ ಸುರಪುರದಿಂದ ಕಲಬುರಗಿಗೆ ಕರಕೊಂಡು ಬಂದು ಹಾರ್ಮೋನ್ ಸೂಜಿ ಮಾಡಿಸ್ತೀವಿ. ತೊಗರಿ ರಾಶಿ ಗಡಿಬಿಡ್ಯಾಗ ಈ ಸಲ ತಾರೀಖು ದಾಟೇದ. ಅಪ್ಪ ಆರಾಮ ಅದಾರ. ಮುಂದಿನ ಸಲ ಎರಡು ಸೇರಿಸಿ ಮಾಡಿಸಿದ್ರ ನಡೀತದೇನ್ರಿ?

ಉತ್ತರ: ಬ್ಯಾಡ್ರಿ. ಎರಡು ಡೋಸ್ ಒಟ್ಟಿಗೆ ಬೇಡ, ಮುಂದಿನ ತಾರೀಖಿನ ತನಕ ಕಾಯುವುದೂ ಬೇಡ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಸಿಗುವ ಮೊದಲ ದಿನವೇ ಒಂದು ಡೋಸ್ ಹಾಕಿಸಿ. ಮುಂದಿನ ಸೂಜಿಯ ಲೆಕ್ಕ ಆ ದಿನದಿಂದ ಶುರುವಾಗುತ್ತದೆ.

ಲ್ಯುಪ್ರೊಲೈಡ್, ಗೊಸೆರೆಲಿನ್‌ನಂಥ ಔಷಧಿಗಳು ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು 50 ನ್ಯಾನೊಗ್ರಾಂಗಿಂತ (ಡೆಸಿಲೀಟರ್ ರಕ್ತಕ್ಕೆ) ಕೆಳಗೆ ಹಿಡಿದಿಡುತ್ತವೆ. ಕೆಲವು ದಿನ ತಡವಾದರೆ ಸಾಮಾನ್ಯವಾಗಿ ತೊಂದರೆಯಾಗದು. ವಾರಗಟ್ಟಲೆ ದಾಟಿದರೆ ವೃಷಣಗಳು ಮತ್ತೆ ಕೆಲಸ ಶುರುಮಾಡಿ, ಕ್ಯಾನ್ಸರಿಗೆ ಬೇಕಾದ ಹಾರ್ಮೋನ್ ಏರಬಹುದು. ಇದು ಹೊರಗೆ ಕಾಣುವುದಿಲ್ಲ. ಅಪ್ಪ ಆರಾಮ ಇರುವುದು ಪುರಾವೆಯಲ್ಲ. ಸೂಜಿಗೆ ಮೊದಲು ಪಿಎಸ್‌ಎ (ಪ್ರೋಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಪ್ರೋಟೀನ್), ಟೆಸ್ಟೊಸ್ಟೆರಾನ್ ರಕ್ತಪರೀಕ್ಷೆ ಬೇಕೇ ಎಂದು ಕೇಳಿ.

ಬಹಳ ತಡವಾಗಿದ್ದರೆ ಇನ್ನೊಂದು ತೊಡಕಿದೆ. ಹಿಂದಿನ ಡೋಸಿನ ಪರಿಣಾಮ ಇಳಿದ ಮೇಲೆ ಈ ಸೂಜಿ ಹಾಕಿದರೆ, ಮೊದಲ ಒಂದೆರಡು ವಾರ ಹಾರ್ಮೋನ್ ಇಳಿಯುವ ಬದಲು ಏರುತ್ತದೆ. ಕ್ಯಾನ್ಸರ್ ಎಲುಬಿಗೆ ಹಬ್ಬಿದವರಿಗೆ ಆಗ ನೋವು ಹೆಚ್ಚಬಹುದು. ಅದನ್ನು ತಡೆಯಲು ಡಾಕ್ಟರು ಕೆಲವು ದಿನ ಬೈಕಾಲುಟಮೈಡ್ ಗುಳಿಗೆ ಕೊಡುತ್ತಾರೆ. ನೀವಾಗಿ ಕೊಂಡು ಕೊಡಬೇಡಿ. ಕಾಲಲ್ಲಿ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಬೆನ್ನು ಹೊಸದಾಗಿ ವಿಪರೀತ ನೋಯತೊಡಗಿದರೆ ರಾತ್ರಿಯಾದರೂ ಸರಿ, ಕೂಡಲೇ ದವಾಖಾನಿಗೆ ಕರೆತನ್ನಿ.

ತಾರೀಖು ತಪ್ಪುವುದು ಹೆಚ್ಚಾಗಿ ಲೆಕ್ಕದಲ್ಲೇ. ಗೊಸೆರೆಲಿನ್ 10.8 ಮಿ.ಗ್ರಾಂ ಡೋಸಿಗೆ 12 ವಾರ, ಅಂದರೆ 84 ದಿನ. ಕ್ಯಾಲೆಂಡರಿನ ಮೂರು ತಿಂಗಳು ಎಣಿಸಿದರೆ ಪ್ರತಿ ಸಲ ಸುಮಾರು ಒಂದು ವಾರ ತಡ. 3.6 ಮಿ.ಗ್ರಾಂ ಡೋಸಿಗೆ 28 ದಿನ. ತಿಂಗಳ ಡೋಸ್ ಮೂರು ಸೇರಿಸಿದರೂ ಮೂರು ತಿಂಗಳದ್ದಾಗುವುದಿಲ್ಲ, ಔಷಧಿ ನಿಧಾನವಾಗಿ ಬಿಡುಗಡೆಯಾಗುವ ರೀತಿಯೇ ಬೇರೆ. ಒಂದು ವಾರ ಮುಂಚೆ ಫೋನ್ ಮಾಡಿ ಔಷಧಿ ಸ್ಟಾಕ್ ಇದೆಯೇ ಕೇಳಿಕೊಳ್ಳಿ.

ಕೆಲವು ಬ್ರ್ಯಾಂಡ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ನಮ್ಮ ಕಡೆಯ 40 ದಾಟುವ ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿಟ್ಟು ತಂದರೆ ಕೆಡಬಹುದು. ಐಸ್ ಡಬ್ಬಿಯಲ್ಲಿ, ಮಂಜುಗಡ್ಡೆ ನೇರ ತಾಗದಂತೆ ತನ್ನಿ. ಫ್ರೀಜರಿನಲ್ಲಿ ಇಡಬೇಡಿ.

ಪದೇ ಪದೇ ಬರಲು ಆಗುವುದಿಲ್ಲ, ಖರ್ಚೂ ಭಾರ ಎಂದಾದರೆ ನಾಚಿಕೆ ಪಡದೆ ಹೇಳಿ. ವೃಷಣ ತೆಗೆಯುವ ಸಣ್ಣ ಆಪರೇಷನ್ನಿಂದಲೂ ಹಾರ್ಮೋನ್ ಅಷ್ಟೇ ಇಳಿಯುತ್ತದೆ, ಆಮೇಲೆ ಈ ಸೂಜಿ ಬೇಕಿಲ್ಲ. ಮಾಡಿಸಿದ ಮೇಲೆ ಹಿಂತಿರುಗಿಸಲು ಬಾರದು. ಆದ್ದರಿಂದ ಅಪ್ಪ ಅವರನ್ನೂ ಕೂರಿಸಿಕೊಂಡು ಡಾಕ್ಟರ ಹತ್ತಿರ ಮಾತಾಡಿ.